ಕಿರುಗುಟ್ಟುವ ಮುಂಚಕ್ರ: ಘರ್ಷಣೆಯ ದನಿಯನ್ನು ಹುಡುಕಿದ ಕತೆ

ಶಿವಮೊಗ್ಗದ ಬಸ್ ನಿಲ್ದಾಣದ ಬಳಿ ಆಟೋರಿಕ್ಷಾ ಹತ್ತಿ ವಿನೋಬನಗರಕ್ಕೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ರಸ್ತೆಯುಬ್ಬು ಬಂದಾಗಲೆಲ್ಲ ಚಾಲಕನ ಕಾಲಬುಡದಿಂದ ‘ಕ್ರೀಂಯ್’ ಎಂದು ಸದ್ದು ಏಳುತ್ತದೆ. ಮುಂದಿನ ಚಕ್ರ ಗುಂಡಿಗೆ ಇಳಿದಾಗ ಒಮ್ಮೆ, ಮೇಲೆದ್ದಾಗ ಇನ್ನೊಮ್ಮೆ. ಚಾಲಕನನ್ನು ಕೇಳಿದರೆ, “ಹದಿನೈದು ದಿನದಿಂದ ಹಿಂಗೇ ಸಾರ್. ಎಣ್ಣೆ ಬಿಟ್ಟೆ, ಎರಡು ದಿನ ಸುಮ್ಮನಿತ್ತು, ಮತ್ತೆ ಶುರುವಾಯ್ತು” ಎನ್ನಬಹುದು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಿಂದ ಭದ್ರಾವತಿಯ ಕಡೆಗೆ ಸರಕು ಹೊತ್ತು ಓಡುವ ಗೂಡ್ಸ್ ಆಟೋದಲ್ಲೂ ಇದೇ ದನಿ ಕೇಳಬಹುದು. ಮಲೆನಾಡಿನ ಮಳೆಗಾಲದಲ್ಲಿ ಕೆಸರುನೀರು ಚಕ್ರದ ಸುತ್ತ ರಾಚಿ, ಗ್ರೀಸನ್ನು ತೊಳೆದುಹಾಕಿ, ಮಳೆ ನಿಂತ ಮೇಲೆ ಈ ಸಂಗೀತ ಆರಂಭವಾಗುತ್ತದೆ.

ಕನ್ನಡದಲ್ಲಿ ಬೇಸರಕ್ಕೆ ‘ಕಿರಿಕಿರಿ’ ಎಂಬ ಮಾತಿದೆ. ಅದು ಇಂಥ ಸದ್ದನ್ನೇ ಅನುಕರಿಸಿದಂತೆ ಕೇಳುತ್ತದೆ. ಆದರೆ ಇಲ್ಲಿ ವಿಷಯ ಬರೀ ಬೇಸರದ್ದಲ್ಲ. ನಾಲ್ಕು ಚಕ್ರದ ವಾಹನದಲ್ಲಿ ಮುಂದಿನ ಭಾರವನ್ನೂ ತಿರುವನ್ನೂ ಎರಡು ಚಕ್ರಗಳು ಹಂಚಿಕೊಳ್ಳುತ್ತವೆ. ಆಟೋದಲ್ಲಿ ಅಷ್ಟನ್ನೂ ಒಂದೇ ಚಕ್ರ ಹೊರಬೇಕು. ಅದರ ಕೀಲು ಒಣಗಿದೆಯೋ, ಪಿನ್ನು ಸವೆದಿದೆಯೋ, ಬೆಸುಗೆಯ ಅಂಚು ಬಿರಿದಿದೆಯೋ, ಅಥವಾ ನಿರಪಾಯವಾದ ರಬ್ಬರು ತುಂಡೊಂದು ಉಜ್ಜುತ್ತಿದೆಯೋ ಎಂಬುದನ್ನು ಹೊರಗಿನಿಂದ ಹೇಳಲು ಆ ಸದ್ದೊಂದೇ ಕುರುಹು. ತಪ್ಪು ಜಾಗಕ್ಕೆ ಎಣ್ಣೆ ಸುರಿದರೆ ಸದ್ದು ನಿಂತೀತು, ಕಾರಣ ಉಳಿದೀತು. ತಪ್ಪು ಭಾಗವನ್ನು ಬದಲಾಯಿಸಿದರೆ ಚಾಲಕನ ಒಂದೆರಡು ದಿನದ ದುಡಿಮೆ ಹೋದೀತು.

ಈ ಸದ್ದನ್ನು ಬೆನ್ನಟ್ಟುವ ವಿದ್ಯೆಗೆ ಸ್ವಾರಸ್ಯವಾದ ಚರಿತ್ರೆಯಿದೆ. ಘರ್ಷಣೆಯ ಬಲವನ್ನು ಅಳೆದವರು ಒಂದು ಗುಂಪು, ಘರ್ಷಣೆಯ ದನಿಯನ್ನು ಆಲಿಸಿದವರು ಮತ್ತೊಂದು ಗುಂಪು. ಎರಡು ಶತಮಾನಗಳಿಗೂ ಮಿಕ್ಕಿ ಈ ಎರಡು ದಾರಿಗಳು ಹೆಚ್ಚುಕಡಿಮೆ ಬೇರೆಯಾಗಿಯೇ ಸಾಗಿದವು.

ವಿಮಾನದಿಂದ ಬಂದ ಮುಂಗಾಲು

ಮೊದಲು ಆ ಮುಂಗಾಲಿನೊಳಗೆ ಏನಿದೆ ನೋಡೋಣ. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೊ ಕಂಪನಿಗೆ ವಿಮಾನ ತಯಾರಿಸುವ ಕೆಲಸ ಉಳಿದಿರಲಿಲ್ಲ. ಅಲ್ಲಿದ್ದ ವಿಮಾನ ತಂತ್ರಜ್ಞ ಕೊರಾಡಿನೊ ಡಾಸ್ಕಾನಿಯೊ 1946ರಲ್ಲಿ ‘ವೆಸ್ಪಾ’ ಸ್ಕೂಟರನ್ನು ರೂಪಿಸಿದ. ವೆಸ್ಪಾ ಎಂದರೆ ಕಣಜ. ವಿಮಾನ ಇಳಿಯುವಾಗ ನೆಲ ಮುಟ್ಟುವ ಚಕ್ರವನ್ನು ಒಂದೇ ಬದಿಯಿಂದ ಹಿಡಿದಿರುವಂತೆ ಈ ಸ್ಕೂಟರಿನ ಮುಂಚಕ್ರವನ್ನೂ ಒಂದೇ ಬದಿಯ ತೋಳಿನಿಂದ ಹಿಡಿಸಿದ. 1948ರಲ್ಲಿ ಅದೇ ವಂಶದಲ್ಲಿ ಮೂರು ಚಕ್ರದ ಸರಕುಗಾಡಿ ‘ಆಪೆ’ ಹುಟ್ಟಿತು. ಆಪೆ ಎಂದರೆ ಜೇನ್ನೊಣ. ಭಾರತದಲ್ಲಿ ಬಜಾಜ್ ಸಂಸ್ಥೆ 1948ರಿಂದ ಇಂಥ ವಾಹನಗಳನ್ನು ಆಮದು ಮಾಡಿ ಮಾರುತ್ತಿತ್ತು. 1959ರಲ್ಲಿ ಇಲ್ಲಿಯೇ ತಯಾರಿಸುವ ಪರವಾನಗಿ ದೊರೆಯಿತು. ಪಿಯಾಜಿಯೊ ಜೊತೆಗಿನ ಒಪ್ಪಂದ 1971ರಲ್ಲಿ ಕೊನೆಗೊಂಡರೂ ಆ ರಚನೆಯ ಮೂಲತತ್ತ್ವ ನಮ್ಮ ಬೀದಿಗಳಲ್ಲಿ ಉಳಿಯಿತು.

ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದ್ದರೂ ಮುಖ್ಯ ಅಂಗಗಳು ಇವು: ಹ್ಯಾಂಡಲ್‌ನಿಂದ ಕೆಳಗಿಳಿಯುವ ಸ್ಟಿಯರಿಂಗ್ ಕಂಬ, ಅದರ ಮೇಲೆ ಕೆಳಗೆ ಒಂದೊಂದು ಬೇರಿಂಗ್. ಕಂಬದ ತುದಿಯಲ್ಲಿ ಒಂದು ಪಿನ್ನು, ಆ ಪಿನ್ನಿನ ಸುತ್ತ ತೂಗುವ ಗಿಡ್ಡ ತೋಳು. ತೋಳಿನ ಕೊನೆಗೆ ಚಕ್ರ. ತೋಳು ಮೇಲೆದ್ದಾಗ ಅದನ್ನು ತಡೆಯುವ ಸುರುಳಿ ಸ್ಪ್ರಿಂಗು, ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರು, ಅದರ ಎರಡೂ ತುದಿಗೆ ರಬ್ಬರ್ ಬುಷ್‌ಗಳು. ಪಿನ್ನು ಗಟ್ಟಿ ಉಕ್ಕಿನದು, ಅದನ್ನು ಸುತ್ತಿದ ಬುಷ್ ಕಂಚಿನದೋ ಪ್ಲಾಸ್ಟಿಕ್ಕಿನದೋ ಆಗಿರುತ್ತದೆ. ಕೆಲವು ಮಾದರಿಗಳಲ್ಲಿ ಸೂಜಿ ಬೇರಿಂಗ್ ಇರುತ್ತದೆ. ಇವೆಲ್ಲವನ್ನೂ ತಗಡಿನ ಮುಖವೊಂದು ಮುಚ್ಚಿಕೊಂಡಿದೆ. ಈ ತಗಡನ್ನು ನೆನಪಿಡಿ, ಕಿವಿಯನ್ನು ದಾರಿ ತಪ್ಪಿಸುವುದು ಇದೇ.

ಆಟೋ ಬರುವ ಮುನ್ನ ಇದೇ ದಾರಿಯಲ್ಲಿ ಎತ್ತಿನ ಗಾಡಿಗಳಿದ್ದವು. ಅಚ್ಚು ಕಿರುಗುಟ್ಟಿದರೆ ಏನು ಮಾಡಬೇಕೆಂದು ಗಾಡಿಯವನಿಗೆ ಗೊತ್ತಿತ್ತು, ಕೀಲೆಣ್ಣೆ ಹಾಕಬೇಕು. ಹರಳೆಣ್ಣೆ ಅದಕ್ಕೆ ಹೇಳಿಮಾಡಿಸಿದ ಪದಾರ್ಥ. ಬ್ರಿಟನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ 1909ರಲ್ಲಿ ತನ್ನ ಎಂಜಿನ್ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟದ್ದು ಅದರಲ್ಲಿದ್ದ ಹರಳೆಣ್ಣೆಯಿಂದಲೇ. ಗಾಡಿ ಹೊಡೆಯುವವರ ಜ್ಞಾನಕ್ಕೆ ರಸಾಯನಶಾಸ್ತ್ರದ ಸಮರ್ಥನೆ ದೊರೆಯಲು 20ನೆಯ ಶತಮಾನ ಬರಬೇಕಾಯಿತು. ಆ ಮಾತಿಗೆ ಮುಂದೆ ಬರೋಣ.

ಕಿವಿ ಕೇಳದವನ ನಿಯಮ

ಲಿಯೊನಾರ್ಡೊ ದ ವಿಂಚಿ 15ನೆಯ ಶತಮಾನದ ಕೊನೆಯ ಹೊತ್ತಿಗೆ ಮರದ ದಿಮ್ಮಿಗಳನ್ನು ಎಳೆದು ನೋಡಿ ಘರ್ಷಣೆ ಭಾರಕ್ಕೆ ಅನುಪಾತದಲ್ಲಿದೆ, ತಾಗುವ ಮೈಯ ವಿಸ್ತೀರ್ಣಕ್ಕೆ ಸಂಬಂಧಿಸಿಲ್ಲ ಎಂದು ಗುರುತು ಹಾಕಿಕೊಂಡಿದ್ದ. ಟಿಪ್ಪಣಿ ಪ್ರಕಟವಾಗಲಿಲ್ಲ. ಅದೇ ಸಂಗತಿಯನ್ನು 1699ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟವನು ಗೀಯೋಮ್ ಅಮಾಂಟನ್. ಈತ ಚಿಕ್ಕ ವಯಸ್ಸಿನಲ್ಲೇ ಕಿವಿ ಕಳೆದುಕೊಂಡವನು. ಗದ್ದಲವಿಲ್ಲದೆ ಯೋಚಿಸಬಹುದೆಂದು ಚಿಕಿತ್ಸೆಯನ್ನೂ ಬಯಸಲಿಲ್ಲವಂತೆ! ಘರ್ಷಣೆಯ ಮೊದಲ ನಿಯಮಗಳನ್ನು ಜಗತ್ತಿಗೆ ಕೊಟ್ಟವನು ಅದರ ಕಿರುಚಾಟವನ್ನು ಕೇಳಲಾರದವನಾಗಿದ್ದ.

ಅವನ ಪ್ರಯೋಗದಲ್ಲಿ ಇನ್ನೊಂದು ವಿಶೇಷವಿತ್ತು. ತಾಮ್ರ, ಕಬ್ಬಿಣ, ಸೀಸ, ಮರ ಎಲ್ಲಕ್ಕೂ ಹಂದಿಯ ಕೊಬ್ಬು ಸವರಿದ್ದ. ಎಲ್ಲದರಲ್ಲೂ ಘರ್ಷಣೆ ಭಾರದ ಮೂರನೇ ಒಂದರಷ್ಟು ಬಂತು. ಇಂದು ನೋಡಿದರೆ, ಅವನು ಅಳೆದದ್ದು ಲೋಹಗಳಿಗಿಂತ ಹೆಚ್ಚಾಗಿ ಆ ಕೊಬ್ಬಿನ ತೆಳು ಪದರದ ಗುಣವನ್ನು ಎನ್ನಬೇಕು. ಗ್ರೀಸು ಬಹುಪಾಲು ತೊಳೆದುಹೋಗಿ ಚೂರೇ ಉಳಿದಿರುವ ನಮ್ಮ ಆಟೋದ ಪಿನ್ನಿನ ಸ್ಥಿತಿ ಅಮಾಂಟನ್ನನ ಮೇಜಿಗೆ ಬಹಳ ಹತ್ತಿರ.

18ನೆಯ ಶತಮಾನದ ನಡುವೆ ಗಣಿತಜ್ಞ ಆಯ್ಲರ್ ನಿಂತ ವಸ್ತುವಿನ ಘರ್ಷಣೆ ಬೇರೆ, ಜಾರುತ್ತಿರುವ ವಸ್ತುವಿನದು ಬೇರೆ ಎಂದು ಸ್ಪಷ್ಟಪಡಿಸಿದ. ಸೇನೆಯ ಎಂಜಿನಿಯರ್ ಆಗಿದ್ದ ಕೂಲಂಬ್ – ನೀವು ವಿದ್ಯುತ್ ಪಾಠದಲ್ಲಿ ಓದುವ ಅದೇ ಕೂಲಂಬ್ – ರೋಶ್‌ಫೋರ್ ಹಡಗುಕಟ್ಟೆಯಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಸಿ 1781ರಲ್ಲಿ ಅಕಾಡೆಮಿಯ ಬಹುಮಾನ ಗೆದ್ದ. ಎರಡು ಮೈಗಳು ಹೆಚ್ಚು ಹೊತ್ತು ಒತ್ತಿ ನಿಂತಷ್ಟೂ ಅವನ್ನು ಕದಲಿಸಲು ಹೆಚ್ಚು ಬಲ ಬೇಕಾಗಬಹುದು ಎಂಬುದು ಅವನ ಒಂದು ಮುಖ್ಯ ಅವಲೋಕನ. ರಾತ್ರಿಯೆಲ್ಲ ನಿಂತ ಆಟೋ ಬೆಳಗಿನ ಮೊದಲ ಕುಲುಕಿಗೆ ಜೋರಾಗಿ ಕೂಗಿದರೆ ಕೂಲಂಬನನ್ನು ನೆನೆಯಬಹುದು.

ಇಷ್ಟಾದರೂ ಇವರಾರೂ ಸದ್ದಿನ ವಿಷಯಕ್ಕೆ ಕೈಹಾಕಲಿಲ್ಲ. ಎಷ್ಟು ಬಲ ಬೇಕು ಎಂಬುದು ಹಡಗುಕಟ್ಟೆಯ ಪ್ರಶ್ನೆ. ಏಕೆ ಕೂಗುತ್ತದೆ ಎಂಬುದನ್ನು ಕೇಳಿದವರು ಸಂಗೀತದ ಕಡೆಯವರು.

ಪಿಟೀಲಿನ ಪಾಠ

1860ರ ಸುಮಾರಿಗೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಿಟೀಲಿನ ತಂತಿಯ ಚಲನೆಯನ್ನು ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದ. ಕಮಾನು ಒಂದೇ ಸಮನೆ ಸರಿಯುತ್ತಿದ್ದರೂ ತಂತಿ ಹಾಗೆ ಸರಿಯುವುದಿಲ್ಲ. ಸ್ವಲ್ಪ ದೂರ ಕಮಾನಿಗೆ ಅಂಟಿಕೊಂಡು ಹೋಗುತ್ತದೆ, ತಟಕ್ಕನೆ ಬಿಡಿಸಿಕೊಂಡು ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟುತ್ತದೆ. ಈ ಅಂಟು–ಜಾರು ಆಟ ಸೆಕೆಂಡಿಗೆ ನೂರಾರು ಬಾರಿ ನಡೆದಾಗ ಅದೇ ಸ್ವರ. ನಿಂತಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಹೆಚ್ಚಾಗಿರುವುದರಿಂದಲೇ ಇದು ಸಾಧ್ಯ. ಕಮಾನಿಗೆ ರಾಳ ಹಚ್ಚುವುದು ಈ ಅಂತರವನ್ನು ಹೆಚ್ಚಿಸಲಿಕ್ಕೆ.

ಈ ದಾರಿಯಲ್ಲಿ ಮುಂದೆ ಬಂದವರು ನಮಗೆಲ್ಲ ಪರಿಚಿತರಾದ ಸಿ. ವಿ. ರಾಮನ್. ಬೆಳಕಿನ ಚದುರಿಕೆಗಾಗಿ ನೊಬೆಲ್ ಪಡೆಯುವುದಕ್ಕೆ, ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲೇ ಅವರು ಕಲ್ಕತ್ತದಲ್ಲಿ ಪಿಟೀಲಿನ ಬೆನ್ನು ಹತ್ತಿದ್ದರು. ಕಮಾನಿನಿಂದ ಉಜ್ಜಿದ ತಂತಿಗಳ ಕಂಪನವನ್ನು ಕುರಿತ ಅವರ ದೀರ್ಘ ಪ್ರಬಂಧ 1918ರಲ್ಲಿ ಪ್ರಕಟವಾಯಿತು. ಕೈಯ ಏರುಪೇರು ಬಾರದಂತೆ ಯಂತ್ರದಿಂದಲೇ ಪಿಟೀಲು ನುಡಿಸುವ ಉಪಕರಣವನ್ನೂ ಅವರು ಮಾಡಿದರು. ತಂತಿ ಮತ್ತು ಪೆಟ್ಟಿಗೆ ಪರಸ್ಪರ ಪ್ರಭಾವ ಬೀರುತ್ತವೆ ಎಂಬುದು ಅವರ ಅಧ್ಯಯನದ ಒಂದು ಮುಖ್ಯ ಅಂಶ. ತಂತಿ ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಕುದುರೆಯ ಮೂಲಕ ಕಂಪನ ಮರದ ಪೆಟ್ಟಿಗೆಗೆ ದಾಟಿ, ಪೆಟ್ಟಿಗೆ ಕೂಗುತ್ತದೆ.

ಈಗ ಆಟೋದ ಮುಖಕ್ಕೆ ಮುಚ್ಚಿದ ತಗಡನ್ನು ನೆನಪಿಸಿಕೊಳ್ಳಿ. ಉಜ್ಜುವುದು ಕೆಳಗಿನ ಪಿನ್ನು, ಕೂಗುವುದು ಮೇಲಿನ ತಗಡು. ಪಿನ್ನು ತಂತಿಯಾದರೆ ತಗಡು ಪಿಟೀಲಿನ ಪೆಟ್ಟಿಗೆ. ಆದ್ದರಿಂದಲೇ ಚಾಲಕ ‘ಹ್ಯಾಂಡಲ್ ಹತ್ತಿರ ಸದ್ದು ಬರುತ್ತೆ’ ಎನ್ನುತ್ತಾನೆ. ಅವನ ಕಿವಿ ಸುಳ್ಳು ಹೇಳುತ್ತಿಲ್ಲ. ಸದ್ದು ಬರುವುದು ಅಲ್ಲಿಂದಲೇ, ಹುಟ್ಟುವುದು ಬೇರೆಡೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಉದ್ದನೆಯ ಹೊಸ ಸೀಮೆಸುಣ್ಣವನ್ನು ಹಲಗೆಗೆ ಹೆಚ್ಚುಕಡಿಮೆ ಲಂಬವಾಗಿ ಹಿಡಿದು ಒತ್ತಿ ಎಳೆಯಿರಿ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಅದನ್ನೇ ಮುರಿದು ಗಿಡ್ಡ ಮಾಡಿ ಎಳೆದರೆ ಸಾಮಾನ್ಯವಾಗಿ ಸದ್ದು ಬದಲಾಗುತ್ತದೆ ಅಥವಾ ನಿಲ್ಲುತ್ತದೆ. ಹಲಗೆ ಅದೇ, ಸುಣ್ಣ ಅದೇ, ಘರ್ಷಣಾಂಕವೂ ಅದೇ. ಬದಲಾದದ್ದು ಬಾಗಿ ಕಂಪಿಸುವ ಭಾಗದ ಉದ್ದ. ಕಿರುಗುಟ್ಟಲು ಘರ್ಷಣೆಯೊಂದೇ ಸಾಲದು, ಅದರ ಜೊತೆ ಸ್ಪ್ರಿಂಗಿನಂತೆ ಬಳುಕುವ ಒಂದು ಭಾಗವೂ ಬೇಕು ಎಂಬುದನ್ನು ಇದಕ್ಕಿಂತ ಅಗ್ಗವಾಗಿ ಕಲಿಸಲು ಸಾಧ್ಯವಿಲ್ಲ.

ಎರಡು ದಾರಿ ಕೂಡಿದ ವರ್ಷ

1939ರಲ್ಲಿ ಕೇಂಬ್ರಿಜ್‌ನಲ್ಲಿ ಎಫ್. ಪಿ. ಬೋಡನ್ ಮತ್ತು ಲೆಬೆನ್ ಎಂಬವರು ಲೋಹದ ಮೇಲೆ ಲೋಹ ಮೆಲ್ಲಗೆ ಜಾರುವಾಗ ಬಲ ಹೇಗೆ ಬದಲಾಗುತ್ತದೆ ಎಂಬುದನ್ನು ಸೂಕ್ಷ್ಮವಾಗಿ ದಾಖಲಿಸಿದರು. ಚಿತ್ರ ಗರಗಸದ ಹಲ್ಲಿನಂತೆ ಬಂತು: ನಿಧಾನವಾಗಿ ಏರಿಕೆ, ತಟಕ್ಕನೆ ಇಳಿತ, ಮತ್ತೆ ಏರಿಕೆ. ಪಿಟೀಲಿನ ತಂತಿಯ ಆಟವೇ ಇಲ್ಲಿ ಉಕ್ಕಿನ ತುಂಡುಗಳ ನಡುವೆ ಕಾಣಿಸಿತು. ಹಡಗುಕಟ್ಟೆಯ ವಿದ್ಯೆ ಮತ್ತು ಸಂಗೀತದ ವಿದ್ಯೆ ಒಂದೇ ಕಾಗದದ ಮೇಲೆ ಕೂಡಿದವು.

ಅದೇ ಕಾಲದಲ್ಲಿ ಬೋಡನ್ ಮತ್ತು ಡೇವಿಡ್ ಟೇಬರ್ ಇನ್ನೊಂದು ಒಗಟನ್ನು ಬಿಡಿಸಿದರು. ಎಷ್ಟೇ ನುಣುಪಾದ ಮೈಯೂ ಸೂಕ್ಷ್ಮದಲ್ಲಿ ಪಶ್ಚಿಮ ಘಟ್ಟದಂತೆ ಏರುತಗ್ಗಿನದು. ಎರಡು ಮೈಗಳು ತಾಗುವುದು ಶಿಖರಗಳ ತುದಿಯಲ್ಲಿ ಮಾತ್ರ. ಲೆಕ್ಕ ಹಾಕಿ ನೋಡಿ. ಪಿನ್ನಿನ ಮೇಲೆ 100 ಕಿಲೋಗ್ರಾಂ ಭಾರ, ಅಂದರೆ ಸುಮಾರು 1000 ನ್ಯೂಟನ್ ಇದೆ ಎಂದಿಟ್ಟುಕೊಳ್ಳೋಣ. ಕಂಚಿನ ಬುಷ್ ಚದರ ಮಿಲಿಮೀಟರಿಗೆ 1000 ನ್ಯೂಟನ್ ಬಿದ್ದಾಗ ನಜ್ಜುತ್ತದೆ ಎಂದುಕೊಂಡರೆ, ಶಿಖರಗಳು ನಜ್ಜಿ ನಜ್ಜಿ ಭಾರ ಹೊರಲು ಸಾಕಾಗುವ ನಿಜವಾದ ತಾಗುವಿಕೆ ಕೇವಲ ಒಂದು ಚದರ ಮಿಲಿಮೀಟರ್. ಸಾಸಿವೆ ಕಾಳಿನಷ್ಟು ಜಾಗ! 15 ಮಿಲಿಮೀಟರ್ ದಪ್ಪದ, 30 ಮಿಲಿಮೀಟರ್ ಉದ್ದದ ಪಿನ್ನಾದರೆ ಎದುರಿಗೆ ಕಾಣುವ ಮೈ 450 ಚದರ ಮಿಲಿಮೀಟರ್. ಭಾರ ಇಮ್ಮಡಿಯಾದರೆ ನಿಜವಾದ ತಾಗುವಿಕೆಯೂ ಇಮ್ಮಡಿ. ಅಮಾಂಟನ್ನನ ನಿಯಮಕ್ಕೆ ಕಾರಣ ಸಿಕ್ಕಿತು, 240 ವರ್ಷಗಳ ನಂತರ.

ಆ ತುದಿಗಳಲ್ಲಿ ಒತ್ತಡ ಎಷ್ಟು ಹೆಚ್ಚೆಂದರೆ ಲೋಹಗಳು ಅಲ್ಲಲ್ಲಿ ಬೆಸೆದುಕೊಳ್ಳುತ್ತವೆ. ಒಂದೇ ಬಗೆಯ ಲೋಹಗಳಾದರೆ ಇನ್ನೂ ಸುಲಭವಾಗಿ. ಪಿನ್ನಿಗೆ ಗಟ್ಟಿ ಉಕ್ಕು, ಬುಷ್‌ಗೆ ಮೆದು ಕಂಚು ಎಂದು ಜೋಡಿ ಮಾಡುವುದು ಇದಕ್ಕೇ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ 1923ರಲ್ಲಿ ಭದ್ರಾವತಿಯಲ್ಲಿ ಇದ್ದಿಲಿನಿಂದ ಉರಿಯತೊಡಗಿದ ಊದುಕುಲುಮೆ ಬೀಡುಕಬ್ಬಿಣ ಕೊಟ್ಟಿತು. ಅದೇ ಕಾರ್ಖಾನೆ ಮುಂದೆ ವಾಹನ ಉದ್ಯಮಕ್ಕೆ, ರೈಲ್ವೆಗೆ ಬೇಕಾದ ಮಿಶ್ರ ಉಕ್ಕುಗಳ ಕಡೆಗೆ ತಿರುಗಿತು. ಮೇಲ್ಮೈ ಗಟ್ಟಿ, ಒಳಗೆ ತುಸು ಬಾಗುವ ಗುಣ ಇರಬೇಕೆಂದು ಕೇಳುವ ಪಿನ್ನು, ಲಕ್ಷಾಂತರ ಸಲ ತಿರುಚಿದರೂ ದಣಿಯದ ಸ್ಪ್ರಿಂಗು ಇಂಥವಕ್ಕೆ ಬರೀ ಬೀಡುಕಬ್ಬಿಣ ಸಾಲದು.

ಇನ್ನು ಎಣ್ಣೆಯ ಮಾತು. 1883ರಲ್ಲಿ ಬೀಚಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗನ್ನು ಪರೀಕ್ಷಿಸುವಾಗ ಮೇಲ್ಗಡೆ ಎಣ್ಣೆಗೆಂದು ತೂತು ಕೊರೆಸಿದ. ಎಣ್ಣೆ ಒಳಹೋಗುವ ಬದಲು ಹೊರಕ್ಕೆ ಉಕ್ಕಿತು. ಬಿರಡೆ ಹಾಕಿದರೆ ಬಿರಡೆಯೇ ಎದ್ದುಬಂತು. ತಿರುಗುವ ಅಚ್ಚು ಎಣ್ಣೆಯನ್ನು ಎಳೆದುಕೊಂಡು ಒತ್ತಡದ ಪದರ ಕಟ್ಟುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ ಎಂದು 1886ರಲ್ಲಿ ಓಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದ. ಈ ಭಾಗ್ಯ ನಮ್ಮ ಆಟೋದ ಪಿನ್ನಿಗಿಲ್ಲ. ಅದು ಸುತ್ತುವುದಿಲ್ಲ, ಕೆಲವೇ ಡಿಗ್ರಿ ಅತ್ತಿತ್ತ ತೂಗುತ್ತದೆ. ಪ್ರತಿ ತೂಗಿನ ಕೊನೆಯಲ್ಲಿ ಕ್ಷಣಕಾಲ ನಿಂತು ಹಿಂದಿರುಗುತ್ತದೆ. ನಿಂತಾಗ ಪದರ ಹಿಂಡಿಹೋಗುತ್ತದೆ. ಹಾಗಾಗಿ ಅದನ್ನು ಕಾಯುವುದು ಲೋಹಕ್ಕೆ ಕಚ್ಚಿಕೊಂಡ, ಅಣುಗಳಷ್ಟೇ ದಪ್ಪದ ಲೇಪ. 1920ರ ದಶಕದಲ್ಲಿ ವಿಲಿಯಂ ಹಾರ್ಡಿ ಇಂಥ ಲೇಪಗಳ ವಿಜ್ಞಾನವನ್ನು ಬೆಳೆಸಿದ. ಅಣುವಿನ ಒಂದು ತುದಿ ಲೋಹವನ್ನು ಹಿಡಿದು ಉದ್ದನೆಯ ಬಾಲ ಹೊರಚಾಚಿ ನಿಲ್ಲಬೇಕು. ಹರಳೆಣ್ಣೆಯ ಕೊಬ್ಬಿನಾಮ್ಲ ಇಂಥದ್ದೇ. ಗಾಡಿಯವನ ಕೀಲೆಣ್ಣೆ ಗೆದ್ದದ್ದು ಇಲ್ಲಿ.

ಬೇಟೆ

ಇಷ್ಟು ತಿಳಿದ ಮೇಲೆ ಸದ್ದನ್ನು ಹುಡುಕುವ ಕ್ರಮ ತಾನಾಗಿ ಹೊಳೆಯುತ್ತದೆ. ಮೊದಲು ಯಾವ ಜಾತಿಯ ಸದ್ದು ಎಂದು ನೋಡಿ. ‘ಟಕ್’ ಎಂದರೆ ಅದು ಘರ್ಷಣೆಯದಲ್ಲ, ಸವೆದ ಕೀಲಿನ ಸಡಿಲು. ‘ಕ್ರೀಂಯ್’ ಆದರೆ ಅಂಟು–ಜಾರು. ಬ್ರೇಕ್ ಒತ್ತಿದಾಗ ಮಾತ್ರ ಬರುವ ಕೀಚಲು ಡ್ರಮ್ಮಿನದು, ಅದನ್ನು ಬೇರೆಯಾಗಿಯೇ ನೋಡಬೇಕು.

ನಂತರ ಚಲನೆಗಳನ್ನು ಬೇರ್ಪಡಿಸಿ. ಓಡುವಾಗ ತಿರುವು, ಕುಲುಕು, ಉರುಳು ಮೂರೂ ಒಟ್ಟಿಗೆ ನಡೆಯುತ್ತವೆ. ವಾಹನ ನಿಲ್ಲಿಸಿ ಹ್ಯಾಂಡಲ್ ಮಾತ್ರ ಅತ್ತಿತ್ತ ತಿರುಗಿಸಿ. ಆಗ ಕೂಗಿದರೆ ಸ್ಟಿಯರಿಂಗ್ ಕಂಬದ ಬೇರಿಂಗು, ಇಲ್ಲವೇ ತಗಡಿಗೆ ಉಜ್ಜುವ ಯಾವುದೋ ಕೇಬಲ್ಲು. ಸುಮ್ಮನಿದ್ದರೆ, ಹ್ಯಾಂಡಲ್ ನೇರವಾಗಿಟ್ಟು ಮುಂಭಾಗವನ್ನು ಒತ್ತಿ ಬಿಡಿ. ಈಗ ಕೂಗಿದರೆ ಶಂಕಿತರು ಕಡಿಮೆಯಾದರು: ತೋಳಿನ ಪಿನ್ನು, ಶಾಕ್ ಅಬ್ಸಾರ್ಬರಿನ ಬುಷ್‌ಗಳು, ಸ್ಪ್ರಿಂಗಿನ ಆಸನ. ಕೊನೆಯದನ್ನು ಅನೇಕರು ಮರೆಯುತ್ತಾರೆ. ಸುರುಳಿ ಸ್ಪ್ರಿಂಗು ಕುಗ್ಗುವಾಗ ಅದರ ತುದಿ ತುಸು ತಿರುಗಲು ನೋಡುತ್ತದೆ, ಮರಳು ಸೇರಿದ ಆಸನದ ಮೇಲೆ ಅದು ಉಜ್ಜಿದರೆ ಸಾಕು.

ಈಗ ಕಿವಿಯ ಬದಲು ಕೈ ಬಳಸಿ. ಒಬ್ಬರು ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳಿಡಲಿ, ಸಂದಿಗೆ ಸಿಕ್ಕದಂತೆ. ಕೀಲು ಕಂಪಿಸುವುದು ಬೆರಳಿಗೆ ತಿಳಿಯುತ್ತದೆ. ಅಮಾಂಟನ್ ಇದ್ದಿದ್ದರೆ ಹೀಗೆಯೇ ಹುಡುಕುತ್ತಿದ್ದನೇನೋ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೀಲಿಗಿಟ್ಟು ಹಿಡಿಯನ್ನು ಕಿವಿಯ ಬುಡದ ಎಲುಬಿಗೆ ಒತ್ತುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಸ್ಟೆತೊಸ್ಕೋಪಿಗೆ ನಾಂದಿ ಹಾಡಿದ್ದೂ ಇದೇ ಬಗೆಯ ಯುಕ್ತಿಯಿಂದ.

ಕೊನೆಯ ಸಾಕ್ಷಿ ನೀರಿನದು. ಸಿರಿಂಜಿನಲ್ಲಿ ನೀರು ತೆಗೆದುಕೊಂಡು ಒಂದೇ ಒಂದು ಕೀಲಿಗೆ ಹಾಕಿ, ಮುಂಭಾಗವನ್ನು ಒತ್ತಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಎಣ್ಣೆ ಏಕೆ ಬೇಡ? ಎಣ್ಣೆ ಹರಡಿ ಪಕ್ಕದ ಕೀಲಿಗೂ ಹೋಗುತ್ತದೆ, ಒಣಗುವುದಿಲ್ಲ, ಬ್ರೇಕಿನ ಡ್ರಮ್ಮಿಗೆ ಇಳಿದರೆ ಅಪಾಯ. ನೀರು ಆರಿದೊಡನೆ ಸದ್ದು ಮರಳಿ ಬರುತ್ತದೆ, ಪ್ರಯೋಗವನ್ನು ಮತ್ತೆ ಮಾಡಿ ಖಾತ್ರಿಪಡಿಸಿಕೊಳ್ಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಫಲಿತಾಂಶ ಮರುಕಳಿಸಬೇಕು ಎಂದು ನಾವು ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ಎರಡೂ ಷರತ್ತುಗಳನ್ನು ಐದು ರೂಪಾಯಿಯ ಸಿರಿಂಜು ಪೂರೈಸುತ್ತದೆ. ಮಳೆ ಬಂದ ದಿನ ಸದ್ದಿಲ್ಲ, ಬಿಸಿಲು ಬಿದ್ದ ದಿನ ಸದ್ದು ಎಂಬ ದೂರಿನ ಗುಟ್ಟೂ ಇದೇ.

ಕಳ್ಳ ಸಿಕ್ಕ ಮೇಲೆ ಶಿಕ್ಷೆ ಅವನಿಗೆ ತಕ್ಕಂತಿರಬೇಕು. ಲೋಹದ ಪಿನ್ನಾದರೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಬೇಕು. ಸುತ್ತ ಕೆಂಗಂದು ಪುಡಿ ಇದ್ದರೆ ಲೋಹ ಸಣ್ಣಗೆ ಅರೆದು ತುಕ್ಕಾಗುತ್ತಿದೆ ಎಂದರ್ಥ. ಪಿನ್ನಿನಲ್ಲಿ ಮೆಟ್ಟಿಲು ಕೈಗೆ ತಾಗಿದರೆ ಗ್ರೀಸಿನಿಂದ ಪ್ರಯೋಜನವಿಲ್ಲ, ಪಿನ್ನು ಬುಷ್ ಎರಡನ್ನೂ ಬದಲಾಯಿಸಬೇಕು. ಮೈ ಚೆನ್ನಾಗಿದ್ದರೆ ಹೊಸ ಗ್ರೀಸು ಸಾಕು. ಗ್ರೀಸ್ ನಿಪ್ಪಲ್ ಇದ್ದರೆ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ರಬ್ಬರ್ ಬುಷ್ ಆದರೆ ಎಂಜಿನ್ ಎಣ್ಣೆಯನ್ನಾಗಲಿ ಸಾಮಾನ್ಯ ಗ್ರೀಸನ್ನಾಗಲಿ ಹಚ್ಚಬಾರದು. ಖನಿಜ ತೈಲದಲ್ಲಿ ನೈಸರ್ಗಿಕ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಎರಡು ದಿನ ಸುಮ್ಮನಿದ್ದು ಆಮೇಲೆ ಮೊದಲಿಗಿಂತ ಜೋರಾಗಿ ಕೂಗುವ ಆಟೋಗಳಲ್ಲಿ ಹಲವು ಹೀಗೆ ಕೆಟ್ಟವು. ಅಲ್ಲಿಗೆ ಸಿಲಿಕೋನ್ ಗ್ರೀಸು, ಹರಿದಿದ್ದರೆ ಹೊಸ ಬುಷ್. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಮಾತ್ರ ಯಾವ ಎಣ್ಣೆಯೂ ಬೇಡ, ವಾಹನವನ್ನು ಅಲ್ಲೇ ನಿಲ್ಲಿಸಿ ದುರಸ್ತಿಗೆ ಕೊಡುವುದು.

ಈ ಕೆಲಸಗಳನ್ನೆಲ್ಲ ಒಂದು ಶಾಸ್ತ್ರವೆಂದು ಕರೆದದ್ದು ತೀರ ಈಚೆಗೆ. 1966ರಲ್ಲಿ ಪೀಟರ್ ಜೋಸ್ಟ್ ನೇತೃತ್ವದ ಸಮಿತಿ, ಘರ್ಷಣೆ ಮತ್ತು ಸವೆತಗಳನ್ನು ಸರಿಯಾಗಿ ನಿಭಾಯಿಸಿದರೆ ಬ್ರಿಟನ್ ವರ್ಷಕ್ಕೆ 51.5 ಕೋಟಿ ಪೌಂಡು ಉಳಿಸಬಹುದೆಂದು ವರದಿ ಮಾಡಿತು. ‘ಟ್ರೈಬಾಲಜಿ’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಗ. ಈಗ ಬ್ಯಾಟರಿ ಆಟೋಗಳು ಬಂದ ಮೇಲೆ ಈ ವಿದ್ಯೆಗೆ ಬೀದಿಯಲ್ಲೂ ಬೆಲೆ ಬಂದಿದೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನ ಪಟಪಟ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಕಿರುಗುಟ್ಟುವಿಕೆ ಈಗ ಹಿಂದಿನ ಸೀಟಿಗೂ ಕೇಳಿಸುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷಿಸುವಾಗ ಖಾಲಿ ಆಟೋವನ್ನು ಓಡಿಸಬೇಡಿ. ಭಾರ ಬದಲಾದರೆ ಘರ್ಷಣೆಯೂ ಬದಲಾಗುತ್ತದೆ, ತೋಳು ನಿಲ್ಲುವ ಕೋನವೂ ಬದಲಾಗುತ್ತದೆ. ದೂರು ಬಂದಾಗ ಎಷ್ಟು ಜನ ಕೂತಿದ್ದರೋ ಅಷ್ಟೇ ಜನರನ್ನು ಕೂರಿಸಿಕೊಂಡು, ಅದೇ ರಸ್ತೆಯುಬ್ಬನ್ನು ಅದೇ ವೇಗದಲ್ಲಿ ದಾಟಿ ನೋಡಿ.